ಬೈಗುಳದ ಒಡತಿ

ಮಾರ್ಚ್ ೩, ಮಂಗಳವಾರ

ಇವತ್ತು ನಮ್ಮ ಲಾಂಡ್ರಿಯಲ್ಲಿ ನನ್ನ ದನಿಯನ್ನು ನಾನೇ ಕೇಳಿದೆ. ಅದೂ ಬಾಯಿ ಮುಚ್ಚಿಕೊಂಡು ಕೂತಿದ್ದಾಗ.

ಬೆಳಗ್ಗೆ ಹುಡುಗನಂಥ ಗಿರಾಕಿಯೊಬ್ಬ ಗಲ್ಲೆಯ ಮುಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ. ಅವನ ಷರ್ಟುಗಳಿಗೆ ಇಸ್ತ್ರಿ ಇನ್ನೂ ಆಗಿರಲಿಲ್ಲ. ಇದ್ದಕ್ಕಿದ್ದಂತೆ ಅವನ ಜೇಬಿನೊಳಗಿಂದ, "ದಿಂಬಿನ ಹತ್ರ ತಲೆ ಒತ್ತೆ ಇಟ್ಟಿದ್ದೀಯೇನೇ? ಬಿಡಿಸ್ಕೊಂಡು ಏಳು!" ಎಂದು ನಾನು ಕೂಗಿದೆ. ನಾನೇ. ನನ್ನ ಗಂಟಲು, ನನ್ನ ರಾಗ, ಕೊನೆಯಲ್ಲಿ ಬರುವ ನನ್ನ ಒಣಕೆಮ್ಮು ಸಹ. ಹಿಂದಿನ ಕೋಣೆಯಲ್ಲಿದ್ದ ಇಸ್ತ್ರಿಯ ಹೆಂಗಸು ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದೇ ಓಡಿಬಂದು, "ಕರೆದ್ರಾ ಅಮ್ಮಾ?" ಎಂದಳು.

ಗಿರಾಕಿ ಗಡಬಡಿಸಿ ಎದ್ದು ಫೋನಿನ ಬಾಯಿ ಮುಚ್ಚಿಸಿದ. "ಸಾರಿ ಆಂಟಿ. ಇದು ಅತ್ತೆ ಅಲಾರಂ. ನಮ್ಮ ಹಾಸ್ಟೆಲಲ್ಲಿ ಎಲ್ಲರ ಫೋನಲ್ಲೂ ಇದೆ. ಎಂಥಾ ಕುಂಭಕರ್ಣನೂ ಎದ್ದು ಕೂತ್ಕೋತಾನೆ."

"ಯಾರಪ್ಪಾ ಈ ಅತ್ತೆ?"

"ಯಾರೋ ರಾಕ್ಷಸಿ ಇರ್ಬೇಕು ಆಂಟಿ. ಆದ್ರೆ ಒಳ್ಳೇ ರಾಕ್ಷಸಿ."

ಷರ್ಟು ನಾಳೆ ಸಿಗುತ್ತದೆ ಎಂದು ಕಳಿಸಿದೆ.

ನಮ್ಮ ಮನೆ ಲಾಂಡ್ರಿಯ ಮೇಲೆಯೇ. ಮೆಟ್ಟಿಲು ಹತ್ತಿದವಳು ನೇರ ಸೊಸೆಯ ಮುಂದೆ ನಿಂತೆ. ಈ ಮಹಾತಾಯಿ ಒಳ್ಳೆಯ ಕಂಪನಿಯ ಕೆಲಸ ಬಿಟ್ಟು, ಊಟದ ಮೇಜಿನ ಅರ್ಧಭಾಗದಲ್ಲಿ ಲ್ಯಾಪ್‌ಟಾಪ್ ಹರವಿಕೊಂಡು, ಒಬ್ಬಳೇ ಫೋನಿಗೆ ಆಪ್ ಮಾಡುತ್ತಾಳೆ. ಉಳಿದರ್ಧದಲ್ಲಿ ನಾವು ಮೂವರೂ ಮೊಣಕೈ ಬಿಗಿಹಿಡಿದು ಉಣ್ಣುತ್ತೇವೆ.

"ಹೌದು ಅತ್ತೆ, ನಾನೇ ಮಾಡಿದ್ದು" ಎಂದಳು. "ನೀವು ದಿನಾ ಬೆಳಗ್ಗೆ ಬಾಗಿಲಲ್ಲಿ ನಿಂತು ಹೇಳೋದನ್ನ ಫೋನಲ್ಲಿ ಹಿಡಿದಿಟ್ಟೆ."

"ಯಾರನ್ನ ಕೇಳಿ?"

"ಕೇಳಿದ್ರೆ ಬೈತಿದ್ರಿ."

"ನಾನಾ? ಬೈಯೋದಾ?"

ಮಗ ಟಿವಿಯ ಸದ್ದು ಹೆಚ್ಚಿಸಿದ.

ನಾನು ಬೈಯುವವಳಲ್ಲ. ಏಳದವರಿಗೆ ಎರಡು ಮಾತು ಹೇಳುತ್ತೇನೆ. ಎರಡಕ್ಕೂ ಅಜಗಜಾಂತರವಿದೆ. ಹೈಸ್ಕೂಲಿನಲ್ಲಿ ಪ್ರಬಂಧಕ್ಕೆ ಇಡೀ ತರಗತಿಯಲ್ಲಿ ನಾನೇ ಮೊದಲು. ನನಗೆ ಮಾತಿನ ತೂಕ ಗೊತ್ತು.

ಮಾರ್ಚ್ ೪, ಬುಧವಾರ

ಇಂದಿನಿಂದ ಸೊಸೆಯನ್ನು ಎಬ್ಬಿಸುವುದಿಲ್ಲ. ನನ್ನ ಬಾಯಿಂದ ಇನ್ನೊಂದು ಅಕ್ಷರ ಕದಿಯಲಿ, ನೋಡೋಣ. ಶಿಕ್ಷೆ ಎಂದರೆ ಇದು.

ಎಂಟೂವರೆಗೆ ಎದ್ದಳು. ಶಿಕ್ಷೆ ತಾಗಿದ ಹಾಗೆ ಕಾಣಲಿಲ್ಲ. ಮಗ ಒಂಬತ್ತಕ್ಕೆ ಎದ್ದ. ಪಾಪ, ಕಚೇರಿಯಲ್ಲಿ ಇಡೀ ದಿನ ಕುರ್ಚಿಯಲ್ಲಿ ಕೂತು ದಣಿದಿರುತ್ತಾನೆ.

ಮಾರ್ಚ್ ೮, ಭಾನುವಾರ

ಎಷ್ಟು ಹಾನಿಯಾಗಿದೆ ಎಂದು ತಿಳಿಯುವುದಕ್ಕಾಗಿ ಮಾತ್ರ, ಜನ ಆ ಆಪಿನ ಕೆಳಗೆ ಬರೆದಿರುವುದನ್ನು ಓದಿ ಹೇಳು ಎಂದೆ. ಸೊಸೆ ಓದಿದಳು.

ಒಬ್ಬ ಬರೆದಿದ್ದಾನೆ: "ಇಸ್ತ್ರಿ ಪೆಟ್ಟಿಗೆ ಕಾದಾಯ್ತು, ನೀನಿನ್ನೂ ತಣ್ಣಗೆ ಬಿದ್ದಿದ್ದೀಯಲ್ಲೇ ಅನ್ನೋದು ಕೇಳಿ ನಗುತ್ತಾ ಎದ್ದೆ. ಮೂರು ವರ್ಷದಿಂದ ನಗುತ್ತಾ ಎದ್ದಿರಲಿಲ್ಲ." ಇನ್ನೊಬ್ಬಳು: "ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಯಾರೂ ಹೀಗೆ ಎಬ್ಬಿಸಿರಲಿಲ್ಲ." ಮತ್ತೊಬ್ಬ: "ಈಯಮ್ಮನಿಗೆ ದೇವರು ಒಳ್ಳೆಯದು ಮಾಡಲಿ, ಅವರ ಸೊಸೆಗೆ ದೇವರೇ ಗತಿ."

ಕೊನೆಯದನ್ನು ಓದಿ ಸೊಸೆ ನಕ್ಕಳು. ನಾನು ನಗಲಿಲ್ಲ.

"ಆ ಅಮ್ಮ ತೀರಿಕೊಂಡೋಳದ್ದು ಇನ್ನೊಂದ್ಸಲ ಓದು" ಎಂದೆ. ಸರಿಯಾಗಿ ಕೇಳಿಸಿರಲಿಲ್ಲ.

ಮಾರ್ಚ್ ೧೧, ಬುಧವಾರ

ಈ ಆಪ್‌ಗಳನ್ನೆಲ್ಲ ಒಂದು ಅಂಗಡಿಯಲ್ಲಿ ಇಡುತ್ತಾರಂತೆ. ಆ ಅಂಗಡಿಗೆ ಬೀದಿಯಿಲ್ಲ, ಬಾಗಿಲಿಲ್ಲ, ಗಲ್ಲೆಯಲ್ಲಿ ನರಮನುಷ್ಯರಿಲ್ಲ. ನಾನಾದರೆ ಒಂದು ಗುಂಡಿ ಕಳೆದುಹೋದರೂ ಗಿರಾಕಿಯ ಮುಖ ನೋಡಿ ಉತ್ತರ ಕೊಡಬೇಕು. ಅವರು ಸೊಸೆಗೆ ಒಂದು ಮೇಲ್ ಹಾಕಿದ್ದಾರೆ. ಅತ್ತೆ ಅಲಾರಮಿನ ಮಾತುಗಳೆಲ್ಲ ತಮ್ಮದು ಎಂದು ಯಾವುದೋ ದೊಡ್ಡ ಕಂಪನಿ ದೂರು ಕೊಟ್ಟಿದೆ. ನಿನ್ನದೇ ಎನ್ನುವುದಕ್ಕೆ ತಿಂಗಳು ಮುಗಿಯುವುದರೊಳಗೆ ಆಧಾರ ತೋರಿಸು, ಇಲ್ಲವಾದರೆ ತೆಗೆದುಹಾಕುತ್ತೇವೆ.

ಆ ಕಂಪನಿಯೂ ಈಚೆಗೆ ಒಂದು ಅಲಾರಂ ಮಾಡಿದೆ. ನಮ್ಮದು ಬಂದು ಎಷ್ಟೋ ತಿಂಗಳಾದ ಮೇಲೆ. ನಮ್ಮದು ಎಂದರೆ ಅವಳದು.

"ತೆಗೆದ್ರೆ ತೆಗೀಲಿ, ಇನ್ನೊಂದು ಮಾಡು" ಎಂದೆ.

"ಮಾಡೋಕಾಗಲ್ಲ ಅತ್ತೆ. ಮಕ್ಕಳ ಜೋಗುಳದ ಆಪ್ ಮಾಡಿದ್ನಲ್ಲ, ಅದರ ರಾಗ ತಮ್ಮದು ಅಂತ ಯಾರೋ ಹೇಳಿದ್ರು, ಅದನ್ನೂ ತೆಗೆದ್ರು. ಯಾರದೂ ಅಲ್ಲದ ಹಳೇ ರಾಗ ಅಂದ್ಕೊಂಡಿದ್ದೆ. ಇದು ಎರಡನೇದು. ಈ ಸಲ ನನ್ನ ಖಾತೇನೇ ಮುಚ್ತಾರೆ. ಆಮೇಲೆ ನಾನು ಏನು ಮಾಡಿದ್ರೂ ಆ ಅಂಗಡೀಲಿ ಇಡೋಕಾಗಲ್ಲ."

ಮಗ ಪೇಪರಿನ ಹಿಂದಿನಿಂದ ಹೇಳಿದ: "ಒಳ್ಳೇದೇ ಆಯ್ತು. ನಮ್ಮ ಮ್ಯಾನೇಜರ್ ತಮ್ಮನ ಆಫೀಸಲ್ಲಿ ಫೋನ್ ಎತ್ತೋರು ಬೇಕಂತೆ."

ಅವಳು ಲ್ಯಾಪ್‌ಟಾಪ್ ಮಡಚಿ, ಅದರ ಮೇಲೆ ಒಂದು ಟವೆಲು ಹೊದಿಸಿ ಕಪಾಟಿನ ಮೇಲಿಟ್ಟಳು. ಎಷ್ಟೋ ದಿನಕ್ಕೆ ಮೇಜು ಪೂರ್ತಿ ಖಾಲಿಯಾಯಿತು. ಊಟಕ್ಕೆ ಹಾಯಾಗಿ ಕೂತೆವು. ಯಾಕೋ ಊಟ ಸೇರಲಿಲ್ಲ, ಉಪ್ಪು ಕಡಿಮೆಯಾಗಿತ್ತು.

ಮಾರ್ಚ್ ೧೨, ಗುರುವಾರ

ಕಂಪನಿಯವರ ಅಲಾರಂ ಕೇಳಿಸು ಎಂದೆ. ಕೇಳಿದೆ. ಯಾರೋ ನಾಟಕದವಳು ಜೇನಿನಲ್ಲಿ ನಾಲಗೆ ಅದ್ದಿಕೊಂಡು, "ದಿಂಬಿನ ಹತ್ತಿರ ತಲೆ ಒತ್ತೆ ಇಟ್ಟಿದ್ದೀಯೇನಮ್ಮಾ?" ಎಂದು ಕೇಳುತ್ತಾಳೆ. ಏನಮ್ಮಾ ಅಂತೆ! ಸಾಲ ವಸೂಲಿಗೆ ಬಂದವಳು ಹೂ ಕೊಟ್ಟು ಹೋದ ಹಾಗಿದೆ. ಇಸ್ತ್ರಿ ಪೆಟ್ಟಿಗೆಯ ಮಾತನ್ನೂ ಎತ್ತಿಕೊಂಡಿದ್ದಾಳೆ. ಜನ್ಮದಲ್ಲಿ ಇಸ್ತ್ರಿ ಪೆಟ್ಟಿಗೆ ಮುಟ್ಟಿದವಳಲ್ಲ ಎನ್ನುವುದು ದನಿಯಲ್ಲೇ ಗೊತ್ತಾಗುತ್ತದೆ.

ಕದಿಯುವುದಕ್ಕೂ ಯೋಗ್ಯತೆ ಬೇಕು. ನನ್ನ ಸೊಸೆ ಕದ್ದಳು, ಸರಿ. ಆದರೆ ಕೆಮ್ಮಿನ ಸಮೇತ ಕದ್ದಳು.

ಲ್ಯಾಪ್‌ಟಾಪನ್ನು ಕಪಾಟಿನಿಂದ ಇಳಿಸಿ ಮೇಜಿನ ಮೇಲೆಯೇ ಇಟ್ಟೆ. ಭಾರವಿಲ್ಲದಿದ್ದರೆ ಮೇಜು ಅಲ್ಲಾಡುತ್ತದೆ.

ಮಾರ್ಚ್ ೧೩, ಶುಕ್ರವಾರ

ನಮ್ಮಲ್ಲಿ ಕರಿಕೋಟು ಒಗೆಸುವ ವಕೀಲರು ಬಂದಿದ್ದರು. ಗಲ್ಲೆಯ ಹತ್ತಿರವೇ ಕೂರಿಸಿ, ಸೊಸೆಯನ್ನು ಕೆಳಗೆ ಕರೆದು, ಎಲ್ಲ ಹೇಳಿಸಿದೆ.

"ಅಮ್ಮಾವ್ರೇ, ಕಾಪಿರೈಟಲ್ಲಿ ಮೂರು ಪ್ರಶ್ನೆ ಬರ್ತವೆ" ಎಂದರು. "ಮಾತು ಯಾರದ್ದು, ದನಿ ಯಾರದ್ದು, ಹಿಡಿದಿಟ್ಟೋರು ಯಾರು?"

"ಮಾತು ನಂದು, ದನಿ ನಂದು. ಹಿಡಿದಿಟ್ಟೋಳು ಕಳ್ಳಿ."

"ಹಾಗಾದ್ರೆ ಕಳ್ಳಿಗೂ ಒಂದಿಷ್ಟು ಹಕ್ಕು ಬರುತ್ತೆ."

ಸೊಸೆ ಕೆಮ್ಮಿದಳು. ನನ್ನ ಕೆಮ್ಮನ್ನೇ.

"ಇನ್ನೊಂದು ತೊಡಕಿದೆ" ಎಂದರು ವಕೀಲರು. "ಇಷ್ಟು ಚಿಕ್ಕ ಮಾತಿಗೆ ಹಕ್ಕು ಅನ್ನೋದು ಇರುತ್ತಾ ಅಂತಲೇ ಅನುಮಾನ. ಒಬ್ಬ ಜಡ್ಜು ಇದೆ ಅನ್ನಬಹುದು, ಇನ್ನೊಬ್ಬರು ಇಲ್ಲ ಅನ್ನಬಹುದು. ಗಾದೆ ಇದ್ದ ಹಾಗೆ, ಇದು ಊರಿನ ಸೊತ್ತು ಅಂದ್ರೂ ಅನ್ನಬಹುದು."

"ನೀವೇನಂತೀರಿ?"

"ನಾನು ಯಾರ ಪರ ಇರ್ತೀನೋ ಅವರು ಹೇಳಿದ್ದೇ ಸರಿ ಅಂತೀನಿ."

ಇಷ್ಟು ಓದಿದವರಿಗೇ ಗೊತ್ತಿಲ್ಲ ಎಂದರೆ, ಮೇಜಿನ ಮೂಲೆಯಲ್ಲಿ ಒಬ್ಬಳೇ ಕೂತು ಮಾಡುವವಳಿಗೆ ಹೇಗೆ ಗೊತ್ತಾಗಬೇಕು? ದೊಡ್ಡ ಕಂಪನಿಯವರಿಗೂ ಗೊತ್ತಿಲ್ಲವಂತೆ. ಆದರೆ ಗೊತ್ತಿಲ್ಲ ಎಂದು ಹೇಳುವುದಕ್ಕೆ ಅವರ ಹತ್ತಿರ ಹತ್ತು ಜನ ವಕೀಲರಿದ್ದಾರೆ.

ಮಾರ್ಚ್ ೧೫, ಭಾನುವಾರ

ನನ್ನ ಹಿರಿಯ ಓರಗಿತ್ತಿ ಬಂದಿದ್ದಳು. ನನ್ನ ಭಾವನ ಹೆಂಡತಿ. ಕಾಲು ನೋವು, ಮೆಟ್ಟಿಲು ಹತ್ತಲಾರೆ ಎಂದು ಎಷ್ಟೋ ವರ್ಷದಿಂದ ಬಾರದವಳು ಇವತ್ತು ಜಿಂಕೆಯ ಹಾಗೆ ಹತ್ತಿ ಬಂದಳು. ಅವಳ ಮೊಮ್ಮಗಳ ಫೋನಿನಲ್ಲಿ ನನ್ನನ್ನು ಕೇಳಿದಳಂತೆ.

"ಏನೇ ಇದು? ನಮ್ಮತ್ತೆ ಮಾತನ್ನೆಲ್ಲ ನಿಂದು ಅಂತ ಊರಿಗೆ ಹಂಚ್ತಿದ್ದೀಯಂತೆ!"

"ನಮ್ಮತ್ತೆ ಮಾತಲ್ಲ ಅಕ್ಕಾ, ನಂದೇ."

"ದಿಂಬಿನ ಮಾತು ಅವರದ್ದಲ್ವಾ? ಮೊದಲು ನನಗೇ ಬೈದಿದ್ದು. ನಾನು ಹಿರೀ ಸೊಸೆ. ನೀನು ಬರೋ ಹೊತ್ತಿಗೆ ಅದು ಹಳೇದಾಗಿತ್ತು."

"ಅವರು ಅಂತಿದ್ದದ್ದು, ದಿಂಬಿಗೆ ತಲೆ ಅಂಟಿಸಿದ್ದೀಯೇನೇ ಅಂತ. ಒತ್ತೆ ಇಟ್ಟಿದ್ದು ನಾನು. ಬಿಡಿಸ್ಕೊಂಡು ಏಳು ಅಂದಿದ್ದೂ ನಾನು."

"ತಲೆ ಅವರದ್ದು, ದಿಂಬು ಅವರದ್ದು, ಒತ್ತೆ ಮಾತ್ರ ನಿಂದು! ಅಲ್ವೇ, ಬೈದೋರಿಗೆ ಹಕ್ಕಿರೋದಾದ್ರೆ ಬೈಸ್ಕೊಂಡೋರಿಗೆ ಇರಲ್ವೇನೇ? ನಾವಿಬ್ರೂ ಹಿತ್ತಲಲ್ಲಿ ಒದ್ದೆ ಬೆಡ್‌ಶೀಟ್ ಹಿಂದೆ ನಿಂತ್ಕೊಂಡು ಅತ್ತಿದ್ದು ಮರೆತೋಯ್ತಾ?"

ನಾನು ಮರೆತಿರಲಿಲ್ಲ. ಸೊಸೆ ಚಹಾ ತಂದಿಟ್ಟು, ಯಾವತ್ತೂ ಇಲ್ಲದ ಹಾಗೆ, ನನ್ನ ಕುರ್ಚಿಯ ಹಿಂದೆ ನಿಂತುಕೊಂಡಳು.

"ದೊಡ್ಡತ್ತೆ," ಎಂದಳು, "ಆಗ ಅತ್ತಿದ್ದಕ್ಕೆ ನಿಮಗೆ ಏನು ಬೇಕು ಹೇಳಿ."

ಓರಗಿತ್ತಿ ಚಹಾದ ಲೋಟ ಎತ್ತಿಕೊಂಡಳು. "ನಂದೂ ಒಂದು ಮಾತು ಹಾಕೇ" ಎಂದಳು. "ನಾನೇನು ಕಡಿಮೆ ಬೈತಿದ್ನಾ?"

ವಕೀಲರಿಗೆ ಫೋನು ಮಾಡಿ ಹೇಳಿದೆ. "ತೀರಿಕೊಂಡ ಅತ್ತೆ ಕಡೆಯಿಂದ ಬರವಣಿಗೆಯಲ್ಲಿ ಏನಾದ್ರೂ ಇದೆಯಾ?" ಎಂದು ಕೇಳಿದರು. ನಮ್ಮತ್ತೆ ಬರವಣಿಗೆಯಲ್ಲಿ ಬೈದವರಲ್ಲ.

ಮಾರ್ಚ್ ೧೬, ಸೋಮವಾರ

ಇಸ್ತ್ರಿಯವಳಿಗೆ ರಜೆ. ಇಡೀ ದಿನ ನಾನೇ ನಿಂತೆ. ಬರೆಯಲು ಏನಿಲ್ಲ. ಸೊಸೆ ಏಳು ಗಂಟೆಗೇ ಎದ್ದು ಕೆಳಗೆ ಬಂದು ಬಟ್ಟೆಗಳಿಗೆ ಗಿರಾಕಿಗಳ ಹೆಸರಿನ ಚೀಟಿ ಪಿನ್ನು ಹಾಕಿಕೊಟ್ಟಳು. ಎಲ್ಲವನ್ನೂ ತಪ್ಪು ಹಾಕಿದ್ದಾಳೆ. ವಕೀಲರ ಕೋಟಿಗೆ ದಾದಿಯ ಚೀಟಿ, ದಾದಿಯ ಬಿಳಿ ಅಂಗಿಗೆ ಬ್ಯಾಂಕಿನವನ ಚೀಟಿ. ಅವಳು ಮೇಲೆ ಹೋದಮೇಲೆ ಸದ್ದಿಲ್ಲದೆ ಬದಲಾಯಿಸಿದೆ.

ಮಾರ್ಚ್ ೧೯, ಗುರುವಾರ

ವಕೀಲರು ಪ್ರಮಾಣಪತ್ರ ಬರೆದು ತಂದರು. ಮೊದಲ ಸಾಲು: "ನಾನು ಪ್ರತಿದಿನ ಬೆಳಗ್ಗೆ ನನ್ನ ಸೊಸೆಯನ್ನು ಬೈಯುತ್ತಿದ್ದೆ ಎಂದು ಪ್ರಮಾಣ ಮಾಡಿ ಹೇಳುತ್ತೇನೆ."

"ಇದಕ್ಕೆ ನಾನು ಸಹಿ ಹಾಕಲ್ಲ. ಎಚ್ಚರಿಸುತ್ತಿದ್ದೆ ಅಂತ ಬರೀರಿ."

"ಎಚ್ಚರಿಸೋದು ಎಲ್ಲಾ ಅಲಾರಮ್ಮೂ ಮಾಡುತ್ತೆ ಅಮ್ಮಾವ್ರೇ. ಅದರಲ್ಲಿ ನಿಮ್ಮ ಸ್ವಂತದ್ದು ಅಂತ ಏನೂ ಉಳಿಯಲ್ಲ. ಬೈದಿದ್ದೀನಿ ಅಂದ್ರೆ ಮಾತ್ರ ಅದು ನಿಮ್ಮ ಸೃಷ್ಟಿ."

"ಬುದ್ಧಿ ಹೇಳುತ್ತಿದ್ದೆ?"

"ಬುದ್ಧಿ ಊರಿನ ಸೊತ್ತು."

ಸೊಸೆ, "ಬೇಡ ಬಿಡಿ ಸರ್. ಅತ್ತೆಗೆ ಇಷ್ಟ ಇಲ್ದಿದ್ರೆ ಬೇಡ. ಸೋಮವಾರ ಆ ಫೋನ್ ಎತ್ತೋ ಕೆಲಸಕ್ಕೆ ಮಾತಾಡಿ ಬರ್ತೀನಿ" ಎಂದಳು. ಸಿಟ್ಟಿನಿಂದಲ್ಲ. ಒಗೆದು ಬಣ್ಣ ಹೋದ ಬಟ್ಟೆಯ ಹಾಗಿತ್ತು ದನಿ.

ಈ ಬೀದಿಯಲ್ಲಿ ನಾನು ತಲೆ ಎತ್ತಿ ನಡೆದವಳು. ಸೊಸೆಯನ್ನು ಬೈಯುವ ಅತ್ತೆ ಎಂದು ನನ್ನ ಕೈಯಾರೆ ಬರೆದುಕೊಡಬೇಕೆ?

ಪೆನ್ನು ಇಸಿದುಕೊಂಡೆ. "ಬೈಯುತ್ತಿದ್ದೆ" ಎನ್ನುವುದರ ಹಿಂದೆ "ಚೆನ್ನಾಗಿ" ಎಂದು ಸೇರಿಸಿ ಸಹಿ ಹಾಕಿದೆ. ಬರೆಯುವುದೇ ಆದರೆ ಸರಿಯಾಗಿ ಬರೆಯಬೇಕು.

ಮಾರ್ಚ್ ೨೩, ಸೋಮವಾರ

ಇವತ್ತು ನಡೆದದ್ದನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ.

ಪ್ರಮಾಣಪತ್ರದ ಜೊತೆಗೆ ಒಂದು ಹೊಸ ಬೈಗುಳ ಬೇಕು ಎಂದರು ವಕೀಲರು. ಹಳೆಯದನ್ನು ಯಾರು ಬೇಕಾದರೂ ಬಾಯಿಪಾಠ ಮಾಡಬಹುದು. ಸಾಕ್ಷಿಯ ಎದುರು ಆ ಕ್ಷಣದಲ್ಲಿ ಹೊಸದು ಹುಟ್ಟಿದರೆ, ಹಳೆಯದೂ ಇದೇ ಬಾಯಲ್ಲಿ ಹುಟ್ಟಿದ್ದು ಎಂದು ವಾದಿಸಬಹುದು. ಮೇಲೆ ಊಟದ ಮೇಜಿನ ಹತ್ತಿರ ಸೊಸೆಯನ್ನು ನನ್ನೆದುರು ಕೂರಿಸಿದರು. ಅವಳೇ ಫೋನು ಹಿಡಿದುಕೊಂಡಳು.

"ಶುರು ಮಾಡಿ ಅಮ್ಮಾವ್ರೇ. ಯಾವತ್ತೂ ಅಂದಿರಬಾರದು ಅಂಥದ್ದು."

ಅವಳನ್ನು ನೋಡಿದೆ. ತಲೆ ಬಾಚಿಕೊಂಡಿರಲಿಲ್ಲ. ಕಣ್ಣಿನ ಕೆಳಗೆ ಕಪ್ಪು. ಕೈಯಲ್ಲಿ ಪಿನ್ನು ಚುಚ್ಚಿದ ಗುರುತುಗಳು. ಬೈಯುವುದಕ್ಕೆ ಬೇಕಾದದ್ದೆಲ್ಲ ಇತ್ತು. ಬಾಯಿ ತೆರೆದೆ.

"ಏನಾದ್ರೂ ತಿಂದ್ಯಾ?" ಎಂದು ಬಂತು.

ವಕೀಲರು ತಲೆಯಾಡಿಸಿದರು. "ಇದು ಬೈಗುಳ ಅಲ್ಲ ಅಮ್ಮಾವ್ರೇ."

ಮತ್ತೆ ಪ್ರಯತ್ನಿಸಿದೆ. "ಯಾಕೆ ಹೀಗಾಗಿದ್ದೀಯೇ, ಮುಖ ನೋಡ್ಕೊಂಡಿದ್ದೀಯಾ?" ಎಂದೆ. ಅದೂ ನಡುವಿನಲ್ಲೇ ಬಾಗಿಹೋಯಿತು. ನಾಲ್ಕು ದಿನದಿಂದ ನೆಗಡಿ, ಗಂಟಲು ಸರಿಯಿರಲಿಲ್ಲ.

"ಅತ್ತೆ, ಪರವಾಗಿಲ್ಲ, ಬೈರಿ" ಎಂದಳು ಸೊಸೆ ಮೆಲ್ಲಗೆ. "ನನಗೇನೂ ಬೇಜಾರಿಲ್ಲ." ಹಾಗೆ ಹೇಳಿದರೆ ಯಾರಿಗಾದರೂ ಬರುತ್ತದೆಯೇ?

ಆಗ ಮಗ ಕೋಣೆಯಿಂದ ಮೈಮುರಿಯುತ್ತ ಈಚೆ ಬಂದ. ಹತ್ತು ಗಂಟೆಯಾಗಿತ್ತು. ಇವತ್ತು ಅವನಿಗೆ ರಜೆ. "ಇನ್ನೂ ಮುಗಿದಿಲ್ವಾ ಈ ನಾಟಕ? ಸುಮ್ನೆ ಎಲ್ಲಾ ಮುಚ್ಚಿಹಾಕಿ ಅಮ್ಮಾ. ಇದೆಲ್ಲ ಅವಳ ಕೈಲಾಗೋ ಕೆಲಸ ಅಲ್ಲ. ಚಹಾ ಇದೆಯಾ?"

ಆಮೇಲೆ ನಾನು ಏನೆಂದೆ ಎನ್ನುವುದು ಫೋನಿನಲ್ಲಿ ಕೇಳಿದ ಮೇಲೆಯೇ ನನಗೂ ಗೊತ್ತಾದದ್ದು.

"ಯಾರ ಕೈಲಾಗಲ್ವೋ? ಒಗೆದು ಹಾಕಿದ ಬಟ್ಟೆಗಾದ್ರೂ ಗಾಳಿ ಬಂದ್ರೆ ಅಲ್ಲಾಡೋ ಬುದ್ಧಿ ಇರುತ್ತೆ, ನಿನಗೆ ಅದೂ ಇಲ್ಲ! ಕಾಲರ್ ಬೆಳ್ಳಗಿದೆ ಅಂತ ಬೀಗ್ಬೇಡ, ಅದನ್ನ ಬೆಳ್ಳಗೆ ಮಾಡ್ದೋಳು ನಾನು. ನಿನಗೆ ಮೂವತ್ತು ವರ್ಷ ಗಂಜಿ ಹಾಕಿದೀನಿ, ಒಂದು ದಿನ ನೆಟ್ಟಗೆ ನಿಂತಿದ್ದೀಯೇನೋ? ಅವಳು ಕಣ್ಣು ಕೆಂಪಗೆ ಮಾಡ್ಕೊಂಡು ದುಡೀತಿದ್ರೆ ನೀನು ಒಂಬತ್ತರ ತನಕ ಬಿದ್ದಿರ್ತೀಯ! ಹಾಸಿಗೇಲಿ ಯಾವುದು ಹೊದಿಕೆ, ಯಾವುದು ನೀನು ಅಂತ ತಡವಿ ನೋಡಿ ಒಗೆಯೋಕೆ ಹಾಕ್ಬೇಕು! ಚಹಾ ಬೇಕಂತೆ ಚಹಾ. ಒಲೆ ನಿನ್ನನ್ನ ನೋಡಿದ್ರೆ, ಯಾರಪ್ಪಾ ನೀನು ಅಂತ ಕೇಳುತ್ತೆ, ಹೋಗಿ ಪರಿಚಯ ಮಾಡ್ಕೋ!"

ಮಗ ಬಾಯಿ ತೆರೆದು ನಿಂತಿದ್ದ. ಹುಟ್ಟಿದಂದಿನಿಂದ ಅವನಿಗೆ ನಾನು ಗದರಿದ್ದೂ ಇಲ್ಲ. ವಕೀಲರು ಸಾಕ್ಷಿಯ ಸಹಿ ಹಾಕುವುದನ್ನು ಮರೆತು ಎದ್ದು ನಿಂತಿದ್ದರು. ಸೊಸೆ ಮಾತ್ರ ಫೋನು ಬಿಟ್ಟಿರಲಿಲ್ಲ. ಕೊನೆಯ ಕೆಮ್ಮು ಬರುವ ತನಕ ಹಿಡಿದಿದ್ದಳು.

ಮಗ ಅಡುಗೆಮನೆಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದ, "ಸಕ್ಕರೆ ಎಲ್ಲಿದೆ?" ಎಂದು ಕೇಳಿದ.

ಮಾರ್ಚ್ ೨೪, ಮಂಗಳವಾರ

ಗಂಟಲು ಕಟ್ಟಿದೆ. ಸೊಸೆ ಬಿಸಿನೀರು ಕಾಯಿಸಿ ಕೊಟ್ಟಳು. ಮಗ ಮಾತಾಡುತ್ತಿಲ್ಲ. ಏಳೂವರೆಗೆ ಎದ್ದ.

ಮಾರ್ಚ್ ೩೧, ಮಂಗಳವಾರ

ಆ ಬಾಗಿಲಿಲ್ಲದ ಅಂಗಡಿಯಿಂದ ಉತ್ತರ ಬಂತು. ನಿಮ್ಮ ಆಧಾರಗಳನ್ನು ನೋಡಿದ್ದೇವೆ, ಅವರದನ್ನೂ ನೋಡಿದ್ದೇವೆ. ಯಾರದು ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಸದ್ಯಕ್ಕೆ ಎರಡೂ ಇರಲಿ. ನೀವು ನೀವೇ ಬಗೆಹರಿಸಿಕೊಳ್ಳಿ. ಸೊಸೆಯ ಖಾತೆ ಉಳಿಯಿತು.

"ಗೆದ್ವಾ?" ಎಂದು ಮನೆಗೆ ಬಂದಿದ್ದ ವಕೀಲರನ್ನು ಕೇಳಿದೆ.

"ಸೋತಿಲ್ಲ" ಎಂದರು ವಕೀಲರು. "ಈ ವಿಷಯದಲ್ಲಿ ಇದಕ್ಕಿಂತ ದೊಡ್ಡ ಗೆಲುವು ನಾನು ನೋಡಿಲ್ಲ. ಆದ್ರೆ ನಾಳೆ ಮತ್ತೆ ಬರ್ತಾರೆ. ಅದಕ್ಕೆ ಮೊದಲು ಮನೆಯೊಳಗಿಂದು ಸರಿ ಮಾಡ್ಕೊಳ್ಳಿ. ಈ ಬೈಗುಳಗಳ ಸಂಪೂರ್ಣ ಹಕ್ಕನ್ನ ನೀವು ಸೊಸೆಗೆ ಬರೆದುಕೊಡಿ."

"ಸಂಪೂರ್ಣ ಅಂದ್ರೆ?"

"ಸಂಪೂರ್ಣ ಅಂದ್ರೆ ಸಂಪೂರ್ಣ. ಆಮೇಲೆ ಅವರ ಅನುಮತಿ ಇಲ್ದೆ ನೀವೂ ಬಳಸೋ ಹಾಗಿಲ್ಲ."

ನನ್ನ ಬೈಗುಳ ನಾನು ಬಳಸಲು ಸೊಸೆಯ ಅನುಮತಿ! ಎದ್ದು ಹೋಗಬೇಕೆಂದಿದ್ದೆ. ಸೊಸೆ ತಡೆದಳು. "ಸರ್, ಮನೆಯೊಳಗಿನ ಬಳಕೆಗೆ ಅತ್ತೆಗೆ ಜೀವಮಾನ ಪೂರ್ತಿ ಅನುಮತಿ ಇದೆ ಅಂತ ಸೇರಿಸಿ."

"ಯಾರ ಮೇಲೆ ಬಳಕೆ ಅಂತ ನಮೂದಿಸಬೇಕಾಗುತ್ತೆ" ಎಂದು ವಕೀಲರು ಪೆನ್ನು ಹಿಡಿದು ನನ್ನ ಮುಖ ನೋಡಿದರು. ಸೊಸೆಯೂ ನೋಡಿದಳು.

ಮಗ ಮೂಲೆಯಲ್ಲಿ ಕೂತು ತನ್ನ ಷರ್ಟಿಗೆ ತಾನೇ ಗುಂಡಿ ಹೊಲಿದುಕೊಳ್ಳುತ್ತಿದ್ದ.

"ಅವನ ಮೇಲೆ" ಎಂದೆ.

"ಅಮ್ಮಾ!" ಎಂದ ಮಗ.

"ಅವನೊಬ್ಬನ ಮೇಲೆ ಅಂತ ಬರೀರಿ" ಎಂದೆ. ಕಾಗದಪತ್ರದಲ್ಲಿ ಅನುಮಾನಕ್ಕೆ ಎಡೆ ಇರಬಾರದು.

ಏಪ್ರಿಲ್ ೨, ಗುರುವಾರ

ಆರೂವರೆಗೆ ಎದ್ದಾಗ ಸೊಸೆ ಮೇಜಿನ ಮೇಲೆ ತಲೆಯಿಟ್ಟು ಅಲ್ಲೇ ನಿದ್ದೆಹೋಗಿದ್ದಳು. ಓರಗಿತ್ತಿಯ ಮಾತನ್ನು ಆಪಿಗೆ ಸೇರಿಸುತ್ತ ಕೂತಿದ್ದಳೆಂದು ತೋರುತ್ತದೆ. ಮೇಜಿನ ದೀಪ ಆರಿಸಿದೆ, ವಿದ್ಯುತ್ ಸುಮ್ಮನೆ ಖರ್ಚಾಗುತ್ತದೆ. ಒಗೆದಿಟ್ಟ ಗಿರಾಕಿಯೊಬ್ಬರ ಶಾಲು ಕೈಗೆ ಸಿಕ್ಕಿತು, ಹೊದಿಸಿದೆ. ಇನ್ನೊಮ್ಮೆ ಒಗೆದರಾಯಿತು.

ಆಮೇಲೆ ಮಗನ ಕೋಣೆಗೆ ಹೋದೆ. ಬಾಗಿಲು ಹಾಕಿದರೆ ಕಿರುಗುಟ್ಟುತ್ತದೆ, ಅವಳಿಗೆ ಎಚ್ಚರವಾಗುತ್ತದೆ. ತೆರೆದೇ ಇಟ್ಟು, ಅವನ ಕಿವಿಯ ಹತ್ತಿರ ಬಗ್ಗಿ, ಕರಾರಿನಲ್ಲಿ ಇರುವ ಪ್ರಕಾರ ಬೈದೆ. ಪೂರ್ತಿ ಬೈದೆ, ಒಂದು ಮಾತೂ ಬಿಡಲಿಲ್ಲ.

ಪಿಸುದನಿಯಲ್ಲಿ ಬೈಯುವುದು ಎಷ್ಟು ಕಷ್ಟ ಎಂದು ಈ ವಯಸ್ಸಿಗೆ ತಿಳಿಯಿತು. ನಾಳೆ ಇನ್ನೂ ಚೆನ್ನಾಗಿ ಬರಬೇಕು.